ಮಾನಿಟರ್ ಡಬ್ಬಿ ಮೇಲಿನ ದೊಡ್ಡ ನಂಬರ್ ಬಿಡ್ರಿ, ಸಣ್ಣ ನಂಬರ್ ಕೇಳ್ರಿ

(ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಹೋದ ವಾರ ಇಂಡಿ ಕಡೆಯಿಂದ ಒಬ್ಬ ತಮ್ಮ ವಾಯ್ಸ್ ಮೆಸೇಜ್ ಹಾಕಿದ್ದ. ಮನ್ಯಾಗ ಲಿಂಬಿ ತೋಟ. ಈ ಸಲದ ಲಿಂಬಿ ರೊಕ್ಕದಾಗ ಅವರಪ್ಪ ಹದಿನಾಲ್ಕು ಸಾವಿರ ತೆಗೆದು ಕೊಟ್ಟಾರಂತ. ಅವನ ಮಾತು ಹಿಂಗಿತ್ತು: "ಅಣ್ಣಾ, ಒಂದು 75 ಹರ್ಟ್ಸ್ ಮಾನಿಟರ್ ಐತಿ, ಫ್ರೀಸಿಂಕ್ ಅಂತ ಬರದಾರ, ಎಂಟು ಸಾವಿರ. ಇನ್ನೊಂದು 180 ಹರ್ಟ್ಸ್, ಹದಿಮೂರು ಸಾವಿರ. ನಂದು ಜಿಟಿಎಕ್ಸ್ 1650 ಕಾರ್ಡ್. ದೊಡ್ಡ ಗೇಮ್‌ನಾಗ 50-60 ಎಫ್‌ಪಿಎಸ್ ಬರೋದೇ ಕಷ್ಟ. 180 ತಗೊಂಡು ಏನ್ ಮಾಡ್ಲಿ? 75 ಸಾಕಲ್ಲ? ಒಮ್ಮೆ ತಪ್ಪಿದ್ರ ಅಪ್ಪ ಮತ್ತೊಮ್ಮೆ ಕೊಡಂಗಿಲ್ಲ."

ಪ್ರಶ್ನೆ ಭಾಳ ಚಲೋ ಐತಿ. ಲೆಕ್ಕ ನೋಡಿದ್ರ ಅವನು ಹೇಳೋದು ಸರಿ ಅನ್ನಿಸ್ತದ. 60 ಎಫ್‌ಪಿಎಸ್ ಕೊಡೋ ಕಾರ್ಡಿಗೆ 180 ಹರ್ಟ್ಸ್ ಯಾಕೆ? ನಾನೂ ಮೊದಲು ಹಂಗೇ ಅಂದುಕೊಂಡಿದ್ದೆ. ಆದರೆ ಉತ್ತರ ಉಲ್ಟಾ ಐತಿ. ಅದೇ ಇವತ್ತಿನ ಸಂಚಿಕೆ.

ಮೊದಲು ಬುಡದಿಂದ ಬರೋಣ. ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನೋದು ರಿಫ್ರೆಶ್ ರೇಟ್. ಅದನ್ನು ಹರ್ಟ್ಸ್‌ನಲ್ಲಿ ಹೇಳ್ತಾರೆ. ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಎಷ್ಟು ಚಿತ್ರ ತಯಾರು ಮಾಡುತ್ತದೆ ಅನ್ನೋದು ಎಫ್‌ಪಿಎಸ್. ಇವೆರಡರ ಟೈಮ್ ಕೂಡದೇ ಇದ್ದಾಗಲೇ ಎಲ್ಲಾ ತ್ರಾಸು.

ಬಸ್ ಸ್ಟ್ಯಾಂಡ್ ನೆನಪು ಮಾಡ್ಕೋರಿ. ಹಳೇ 60 ಹರ್ಟ್ಸ್ ಮಾನಿಟರ್ ಅಂದ್ರ ಟೈಮಿಗೆ ಸರಿಯಾಗಿ ಬಿಡೋ ಬಸ್ಸು. ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಬಸ್ಸು ಹೊರಟೇ ಹೊರಡುತ್ತದೆ. ಒಂದು ಕುಟುಂಬ ಹತ್ತುತ್ತಿರುವಾಗಲೇ ಟೈಮ್ ಆಯ್ತು ಅಂತ ಬಸ್ ಬಿಟ್ಟರೆ ಅರ್ಧ ಮಂದಿ ಒಳಗೆ, ಅರ್ಧ ಮಂದಿ ಕೆಳಗೆ. ಪರದೆ ಮೇಲೆ ಇದೇ ಟೇರಿಂಗ್: ಮೇಲಿನರ್ಧ ಒಂದು ಚಿತ್ರ, ಕೆಳಗಿನರ್ಧ ಇನ್ನೊಂದು ಚಿತ್ರ, ನಡುವೆ ಹರಿದಂಗ ಒಂದು ಗೆರೆ. ಇದಕ್ಕೆ ಹಳೇ ಔಷಧ ವಿ-ಸಿಂಕ್. "ಪೂರ್ತಿ ಕುಟುಂಬ ಬಂದಿಲ್ಲ ಅಂದ್ರ ಮುಂದಿನ ಬಸ್ಸಿಗೆ ಬರ್ರಿ" ಅನ್ನೋದು ಅದರ ಕಾನೂನು. ಚಿತ್ರ ತಯಾರಾಗೋಕೆ 18 ಮಿಲಿಸೆಕೆಂಡ್ ಆಯ್ತು ಅಂತ ಇಟ್ಕೋರಿ. ಬರೀ 1.3 ತಡ. ಆದರೂ ಅದು 33.3ರವರೆಗೆ ಕಾಯಬೇಕು. ಟೇರಿಂಗ್ ಹೋಯ್ತು, ಅದರ ಜಾಗಕ್ಕೆ ತಡೆದು ತಡೆದು ಓಡೋ ಗೇಮ್ ಬಂತು.

ವೇರಿಯಬಲ್ ರಿಫ್ರೆಶ್ ರೇಟ್, ಅಂದ್ರ ವಿಆರ್‌ಆರ್, ನಮ್ಮ ಟಂಟಂ ಇದ್ದಂಗ. ಮಂದಿ ತುಂಬಿದ ಕೂಡಲೇ ಬಿಡ್ತಾನ. ಚಿತ್ರ 18 ಮಿಲಿಸೆಕೆಂಡಿಗೆ ರೆಡಿ ಆದ್ರ ಮಾನಿಟರ್ 18ಕ್ಕೇ ತೋರಿಸ್ತದ, 12ಕ್ಕೆ ಆದ್ರ 12ಕ್ಕೆ. ಕಾರ್ಡ್ ಹೇಳಿದಂಗ ಮಾನಿಟರ್ ಕೇಳ್ತದ. ಎಫ್‌ಪಿಎಸ್ 52 ಆದ್ರೂ 71 ಆದ್ರೂ ಗೇಮ್ ನುಣ್ಣಗೆ ಓಡುತ್ತದೆ. ಹಂಗಾಗಿ ಇದು ಶ್ರೀಮಂತರ ಪಿಸಿಗಿಂತ ನಮ್ಮಂಥವರ ಪಿಸಿಗೇ ಹೆಚ್ಚು ಉಪಯೋಗ. ಎಫ್‌ಪಿಎಸ್ ಏರಿಳಿತ ಇರೋದು ನಮ್ಮಲ್ಲೇ ಅಲ್ಲೇನ್ರಿ.

ಹೆಸರುಗಳ ಗೊಂದಲ ಜಲ್ದಿ ಮುಗಿಸಿಬಿಡ್ತೀನಿ. 2013ರಲ್ಲಿ ಎನ್‌ವಿಡಿಯಾ ಜಿ-ಸಿಂಕ್ ತಂತು. ಅದಕ್ಕೆ ಮಾನಿಟರ್ ಒಳಗೇ ಬೇರೆ ಚಿಪ್ ಬೇಕಿತ್ತು, ಅದಕ್ಕೇ ದುಬಾರಿ. 2014ರಲ್ಲಿ ವೆಸಾ ಸಂಸ್ಥೆ ಅಡಾಪ್ಟಿವ್ ಸಿಂಕ್ ಅನ್ನೋದನ್ನ ಡಿಸ್‌ಪ್ಲೇಪೋರ್ಟ್ ನಿಯಮದೊಳಗೇ ಸೇರಿಸಿತು. ಎಎಮ್‌ಡಿ ಅದನ್ನೇ ಹಿಡಿದು ಫ್ರೀಸಿಂಕ್ ಮಾಡಿತು, 2015ರಿಂದ ಅಂಥ ಮಾನಿಟರ್ ಬಂದವು. 2019ರ ಜನವರಿಯಲ್ಲಿ ಎನ್‌ವಿಡಿಯಾನೂ ತನ್ನ ಜಿಟಿಎಕ್ಸ್ 10 ಸರಣಿ ಮತ್ತು ಅದರ ಮೇಲಿನ ಕಾರ್ಡುಗಳಿಗೆ ಆ ಬಾಗಿಲು ತೆರೀತು. ಇವತ್ತು ಫ್ರೀಸಿಂಕ್ ಅಂತ ಬರೆದ ಮಾನಿಟರ್ ಎನ್‌ವಿಡಿಯಾ ಕಾರ್ಡಿನ ಜೊತೆಗೂ ಸಾಮಾನ್ಯವಾಗಿ ನಡೀತದ. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 960, 970 ಹಾಕ್ಕೊಂಡವರು ಮಾತ್ರ ಇಲ್ಲಿ ನಿಲ್ರಿ. ಆ ಕಾರ್ಡಿಗೆ ಈ ಸೌಲಭ್ಯ ಇಲ್ಲ. ಹಳೇ ಆರ್‌ಎಕ್ಸ್ 570, 580 ಇದ್ದವರಿಗೆ ಐತಿ. ಬೇರೆ ಕಾರ್ಡೇ ಇಲ್ಲದೆ ರೈಜನ್ 5 5600ಜಿ ಮೇಲೆ ಆಡೋರಿಗೂ ಐತಿ.

ಈಗ ಇಂಡಿ ತಮ್ಮನ ಪ್ರಶ್ನೆಗೆ ಬರ್ತೀನಿ. ಟಂಟಂನವನೂ ಸಂಜೆ ತನಕ ಕಾಯಲ್ಲ, ಅವನ ತಾಳ್ಮೆಗೂ ಒಂದು ಮಿತಿ ಐತಿ. ಮಾನಿಟರಿಗೂ ಹಂಗೇ. ವಿಆರ್‌ಆರ್ ಕೆಲಸ ಮಾಡೋದು ಒಂದು ರೇಂಜ್ ಒಳಗೆ ಮಾತ್ರ. ಬಹಳ ಮಾನಿಟರುಗಳಲ್ಲಿ ಕೆಳಗಿನ ಮಿತಿ 48 ಹರ್ಟ್ಸ್. ಅವನು ನೋಡಿದ ಮೊದಲನೇದು 48ರಿಂದ 75. ಎರಡನೇದು 48ರಿಂದ 180. ಅವನ ಗೇಮ್ 50-60ರಲ್ಲಿ ಓಡ್ತದ, ಜೋರು ಫೈಟ್ ಬಂದಾಗ 40ಕ್ಕೆ ಇಳೀತದ. ಅಂದ್ರ ಸರಿಯಾಗಿ ಬೇಕಾದ ಹೊತ್ತಿನಲ್ಲೇ 75ರ ಮಾನಿಟರ್ ಕೈ ಬಿಡ್ತದ. ಮತ್ತೆ ಟೇರಿಂಗ್, ಮತ್ತೆ ತಡೆತಡೆದು ಓಡೋದು.

180ರ ಮಾನಿಟರ್ ಏನ್ ಮಾಡ್ತದ? ಅದರ ಕೆಳಮಿತಿನೂ 48 ಅಲ್ಲ? ಇಲ್ಲೇ ಐತಿ ಗಮ್ಮತ್ತು. 40 ಎಫ್‌ಪಿಎಸ್ ಬಂದಾಗ ಡ್ರೈವರ್ ಪ್ರತಿ ಚಿತ್ರವನ್ನೂ ಎರಡೆರಡು ಸಲ ಕಳಿಸ್ತದ. ಮಾನಿಟರ್ 80 ಹರ್ಟ್ಸ್‌ನಲ್ಲಿ ಓಡ್ತದ, 80 ಅಂದ್ರ ರೇಂಜ್ ಒಳಗೇ ಬಂತು. ಇದಕ್ಕೆ ಲೋ ಫ್ರೇಮ್‌ರೇಟ್ ಕಾಂಪನ್ಸೇಷನ್, ಎಲ್‌ಎಫ್‌ಸಿ ಅಂತಾರ. ಇದು ನಡೀಬೇಕಂದ್ರ ಮೇಲಿನ ನಂಬರ್ ಕೆಳಗಿನ ನಂಬರಿನ ಎರಡು ಪಟ್ಟಾದ್ರೂ ಇರಬೇಕು, ಇನ್ನೂ ಹೆಚ್ಚಿದ್ರ ಒಳ್ಳೇದು. 48ರ ಎರಡು ಪಟ್ಟು 96. 75 ಅಲ್ಲಿಗೆ ಮುಟ್ಟಂಗಿಲ್ಲ. 180 ಆರಾಮ ಮುಟ್ತದ, 144 ಇದ್ರೂ ಸಾಕು.

ಅಂದ್ರ ಅವನು 180 ತಗೊಳ್ಳೋದು 180 ಎಫ್‌ಪಿಎಸ್ ಆಡೋಕಲ್ಲ, 40 ಎಫ್‌ಪಿಎಸ್ ನೆಟ್ಟಗೆ ಕಾಣಲಿ ಅಂತ. ಬಡ ಕಾರ್ಡಿಗೇ ಅಗಲ ರೇಂಜ್ ಬೇಕು. ಅಂಗಡಿಯಲ್ಲಿ "ಎಷ್ಟು ಹರ್ಟ್ಸ್" ಅಂತ ಕೇಳಬ್ಯಾಡ್ರಿ, ಅದು ಡಬ್ಬಿ ಮೇಲೇ ಐತಿ. "ಕೆಳಗೆ ಎಷ್ಟರಿಂದ ಶುರು" ಅಂತ ಕೇಳ್ರಿ. ಅಂಗಡಿಯವರಿಗೂ ಬಹಳ ಸಲ ಗೊತ್ತಿರಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಎಎಮ್‌ಡಿ ಮತ್ತು ಎನ್‌ವಿಡಿಯಾ ಎರಡೂ ತಮ್ಮ ವೆಬ್‌ಸೈಟಿನಲ್ಲಿ ಮಾನಿಟರುಗಳ ಪಟ್ಟಿ ಇಟ್ಟಾವ, ಮಾಡೆಲ್ ಹೆಸರಿನ ಮುಂದೆ ರೇಂಜ್ ಇರ್ತದ. ಡಿಸ್‌ಪ್ಲೇಪೋರ್ಟಿಗೆ ಒಂದು ರೇಂಜ್, ಎಚ್‌ಡಿಎಮ್‌ಐಗೆ ಬೇರೆ ರೇಂಜ್ ಇರೋ ಮಾನಿಟರುಗಳೂ ಅದಾವ, ಅದನ್ನೂ ನೋಡ್ಕೋರಿ.

ಪ್ಯಾನೆಲ್ ಬಗ್ಗೆ ನನ್ನ ಅಭಿಪ್ರಾಯ ಸೀದಾ ಹೇಳ್ತೀನಿ: ಈ ರೊಕ್ಕದಾಗ ಐಪಿಎಸ್ ತಗೋರಿ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚಂದ ಕಾಣ್ತದ, ಖರೆ. ಆದರೆ ವಿಆರ್‌ಆರ್ ಆನ್ ಮಾಡಿದಾಗ ಎಫ್‌ಪಿಎಸ್ ಜೋರಾಗಿ ಏರಿಳಿದರೆ ಕತ್ತಲೆ ದೃಶ್ಯ ಪಕಪಕ ಅನ್ನೋದು ಅದರಲ್ಲಿ ಹೆಚ್ಚು. ಸಿಂದಗಿಯ ನನ್ನ ಗೆಳೆಯನೊಬ್ಬ ಲೋಡಿಂಗ್ ಸ್ಕ್ರೀನ್ ಬಂದಾಗಲೆಲ್ಲ ಮಾನಿಟರ್ ಕೆಟ್ಟೈತಿ ಅಂತ ತಿಳ್ಕೊಂಡು ಎರಡು ಕೇಬಲ್ ಬದಲಿಸಿದ, ಸ್ಟೆಬಿಲೈಸರ್ ಬೇರೆ ತಂದ. ಕೊನೆಗೆ ಎಫ್‌ಪಿಎಸ್‌ಗೆ ಒಂದು ಮಿತಿ ಹಾಕಿ ಕೊಟ್ಟೆ, ಬಹಳಷ್ಟು ಕಡಿಮೆ ಆಯ್ತು. ಸೈಜಿನ ಮಾತು ಬಂದ್ರ, 24 ಇಂಚು, 1080ಪಿ ಸಾಕು. 1440ಪಿಗೆ ಹೋದ್ರ ಕಾರ್ಡು ತುಂಬಬೇಕಾದ ಚುಕ್ಕಿಗಳು 20 ಲಕ್ಷದಿಂದ 36 ಲಕ್ಷಕ್ಕೆ ಏರ್ತಾವ. 1650 ಕಾರ್ಡಿಗೆ ಅದು ಹೊರಲಾರದ ಹೊರೆ. ಡಬ್ಬಿ ಮೇಲೆ "1 ಮಿಲಿಸೆಕೆಂಡ್" ಅಂತ ದೊಡ್ಡದಾಗಿ ಬರೆದು ಪಕ್ಕದಲ್ಲಿ ಸಣ್ಣಗೆ ಎಂಪಿಆರ್‌ಟಿ ಅಂತಿದ್ರ ಮರುಳಾಗಬ್ಯಾಡ್ರಿ. ಅದು ಸಾಮಾನ್ಯವಾಗಿ ಹಿಂದಿನ ಲೈಟನ್ನು ಮಿಣುಕಿಸಿ ತೋರಿಸೋ ಲೆಕ್ಕ, ಬಹಳ ಮಾನಿಟರುಗಳಲ್ಲಿ ಅದನ್ನೂ ವಿಆರ್‌ಆರ್‌ನೂ ಒಟ್ಟಿಗೆ ಬಳಸೋಕೆ ಬರಲ್ಲ.

ಇನ್ನು ಕೊಳ್ಳೋದು. ಬೆಂಗಳೂರಿನವರು ಅಂಗಡಿಗೆ ಹೋಗಿ ನಾಲ್ಕು ಮಾನಿಟರ್ ಸಾಲಾಗಿ ನೋಡಿ ಆರಿಸ್ತಾರ. ನಮಗೆ ಹಂಗಿಲ್ಲ. ಇಂಡಿಯವರು ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಹೋಗಬೇಕು. ನಾನಿರೋ ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಹೋಗಿ ಬಂದ್ರ ದಿನಾನೇ ಹೋಯ್ತು. ಅದಕ್ಕೇ ಬಹಳ ಮಂದಿ ಆನ್‌ಲೈನ್ ತರಿಸ್ತಾರ. ಆರ್ಡರ್ ಮಾಡೋ ಮೊದಲು ಎರಡು ಕೆಲಸ ಮಾಡ್ರಿ. ಕಂಪನಿಯ ಸರ್ವಿಸ್ ಪುಟದಲ್ಲಿ ನಿಮ್ಮ 586ರ ಪಿನ್‌ಕೋಡ್ ಹಾಕಿ, ಮನೆಗೆ ಬಂದು ನೋಡ್ತಾರೋ ಇಲ್ಲ ನಾವೇ ಹೊತ್ತೊಯ್ಯಬೇಕೋ ಅಂತ ತಿಳ್ಕೋರಿ. ಆಮೇಲೆ ವಾಪಸ್ ನಿಯಮ ಓದ್ರಿ. "ಬದಲಿ ಮಾತ್ರ" ಅಂತಿದ್ರ ನಿಮಗೆ ಹಿಡಿಸಲಿಲ್ಲ ಅಂದ್ರೂ ರೊಕ್ಕ ವಾಪಸ್ ಬರಂಗಿಲ್ಲ. ಡಬ್ಬಿ ಒಡೆಯೋದನ್ನ ವಿಡಿಯೋ ಮಾಡೋದು ಮರೀಬ್ಯಾಡ್ರಿ.

ಬಿ.ಕಾಂ. ಓದಿದ ಚಟ, ಬಿಲ್ ಬಗ್ಗೆನೂ ಹೇಳಿಬಿಡ್ತೀನಿ. 32 ಇಂಚಿನವರೆಗಿನ ಮಾನಿಟರಿಗೆ 2019ರ ಜನವರಿ 1ರಿಂದಲೇ ಜಿಎಸ್‌ಟಿ 18 ಪರ್ಸೆಂಟ್. ಅದಕ್ಕಿಂತ ದೊಡ್ಡದಕ್ಕೆ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದೂ 18ಕ್ಕೆ ಇಳೀತು. ಹಂಗಾಗಿ 24 ಇಂಚಿನ ಮಾನಿಟರಿಗೆ "28 ಟ್ಯಾಕ್ಸ್ ಐತಿ, ಬಿಲ್ ಇಲ್ಲದೆ ತಗೊಂಡ್ರ ಕಡಿಮೆ ಮಾಡ್ತೀನಿ" ಅಂತ ಯಾರಾದ್ರೂ ಅಂದ್ರ ಆ ಮಾತು ಹಳಸಿ ಎಷ್ಟೋ ವರ್ಷ ಆಯ್ತು. 11,800 ಕೊಟ್ರ ಅದರಾಗ ಟ್ಯಾಕ್ಸ್ 1,800. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸ್ಕೋರಿ, ಮೂರು ವರ್ಷದ ವಾರಂಟಿ ನಿಂತಿರೋದು ಆ ಕಾಗದದ ಮೇಲೆ.

ಮಾನಿಟರ್ ಬಂತು, ಜೋಡಿಸಿದ್ರಿ, ಆನ್ ಆಯ್ತು. ಇಲ್ಲಿ ನನ್ನ ಕಥಿ ಕೇಳ್ರಿ. ನಾನು ಮೊದಲನೇ 144 ಹರ್ಟ್ಸ್ ಮಾನಿಟರ್ ತಂದು ಎಂಟು ತಿಂಗಳು ಆಡಿದೆ. "ಎಷ್ಟು ನುಣ್ಣಗೆ ಐತಿ ನೋಡು" ಅಂತ ಬಂದವರಿಗೆಲ್ಲ ತೋರಿಸಿದೆ. ಒಂದಿನ ಸೆಟ್ಟಿಂಗ್ ತೆರೆದು ನೋಡಿದ್ರ ವಿಂಡೋಸ್ 60ರಲ್ಲೇ ಕೂತಿತ್ತು. ಎಂಟು ತಿಂಗಳು 144ರ ರೊಕ್ಕ ಕೊಟ್ಟು 60 ನೋಡಿದೆ. ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆಲ್ಲ ಗೊತ್ತಾಯ್ತು.

ಹಂಗಾಗಬಾರದು ಅಂದ್ರ ಕೇಬಲ್‌ನಿಂದ ಶುರು ಮಾಡ್ರಿ. ಬಸವನ ಬಾಗೇವಾಡಿಯ ಒಬ್ಬ ತಂಗಿ, ಹೊಸ ಕಾರ್ಡ್ ಹಾಕಿದ್ರೂ ಗೇಮ್ ಮೊದಲಿನಂಗೇ ಓಡ್ತದ ಅಂತ ಫೋಟೋ ಕಳಿಸಿದ್ದಳು. ಕೇಬಲ್ ಮದರ್‌ಬೋರ್ಡಿನ ಪೋರ್ಟಿನಲ್ಲೇ ಇತ್ತು! ಅದು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು. ಜಿಟಿಎಕ್ಸ್ 10, 16 ಸರಣಿಯವರು ಡಿಸ್‌ಪ್ಲೇಪೋರ್ಟ್ ಕೇಬಲ್‌ನೇ ಹಾಕ್ರಿ, ಎಚ್‌ಡಿಎಮ್‌ಐನಲ್ಲಿ ಮಾಮೂಲಿ ಮಾನಿಟರ್ ಜೊತೆ ಜಿ-ಸಿಂಕ್ ಆಯ್ಕೆನೇ ಕಾಣಿಸದೆ ಹೋಗಬಹುದು. ಎಎಮ್‌ಡಿಯವರಿಗೆ ಫ್ರೀಸಿಂಕ್ ಎಚ್‌ಡಿಎಮ್‌ಐ ಮೇಲೂ ನಡೀತದ, ಮಾನಿಟರ್ ಒಪ್ಪಬೇಕು ಅಷ್ಟೆ.

ಆಮೇಲೆ ಮಾನಿಟರಿನ ಬಟನ್ ಒತ್ತಿ ಮೆನುವಿಗೆ ಹೋಗ್ರಿ. ಅಡಾಪ್ಟಿವ್ ಸಿಂಕ್ ಅಂತಲೋ ಫ್ರೀಸಿಂಕ್ ಅಂತಲೋ ಇರ್ತದ, ಕೆಲವದರಲ್ಲಿ ಕಂಪನಿಯಿಂದಲೇ ಆಫ್ ಆಗಿ ಬರ್ತದ. ಆನ್ ಮಾಡ್ರಿ. ಅಲ್ಲೇ ಓವರ್‌ಡ್ರೈವ್ ಅಂತ ಇನ್ನೊಂದು ಸಿಗ್ತದ, ಅದನ್ನ ನಡುವಿನ ಮಟ್ಟಕ್ಕೆ ಇಡ್ರಿ. ಪೂರ್ತಿ ಏರಿಸಿದ್ರ 50 ಎಫ್‌ಪಿಎಸ್‌ನಲ್ಲಿ ಓಡೋ ಮನುಷ್ಯನ ಹಿಂದೆ ಬಿಳಿ ನೆರಳು ಎಳದಂಗ ಕಾಣ್ತದ.

ಮುಂದೆ ವಿಂಡೋಸ್. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ ದೊಡ್ಡ ನಂಬರಿಗೆ ಹಾಕ್ರಿ. ಡ್ರೈವರ್ ಹೊಸದಾಗಿ ಹಾಕಿದ ಮೇಲೆ ಇದನ್ನ ಇನ್ನೊಮ್ಮೆ ನೋಡ್ರಿ, ಒಮ್ಮೊಮ್ಮೆ 60ಕ್ಕೆ ಜಾರಿ ಬಿಟ್ಟಿರ್ತದ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ "ಸೆಟ್ ಅಪ್ ಜಿ-ಸಿಂಕ್" ಒಳಗೆ ಹೋಗಿ ಟಿಕ್ ಮಾಡ್ರಿ. ಎಎಮ್‌ಡಿಯವರಿಗೆ ಅಡ್ರಿನಲಿನ್ ಸಾಫ್ಟ್‌ವೇರ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಫ್ರೀಸಿಂಕ್ ಸ್ವಿಚ್ ಐತಿ.

ಕೊನೇದು ಎಫ್‌ಪಿಎಸ್ ಮಿತಿ. ಎಫ್‌ಪಿಎಸ್ ಮಾನಿಟರಿನ ಮೇಲಿನ ನಂಬರ್ ದಾಟಿದ್ರ ವಿಆರ್‌ಆರ್ ಕೈ ಬಿಡ್ತದ. ಅದಕ್ಕೇ ಸ್ವಲ್ಪ ಕೆಳಗೆ ನಿಲ್ಲಿಸ್ರಿ: 144ಕ್ಕೆ 140, 180ಕ್ಕೆ 170ರ ಆಸುಪಾಸು. ವಿ-ಸಿಂಕ್ ಗೇಮ್ ಒಳಗೆ ಆಫ್, ಎನ್‌ವಿಡಿಯಾ ಪ್ಯಾನೆಲ್‌ನಲ್ಲಿ ಆನ್. ಎರಡು ಕಡೆ ಎರಡು ಥರ ಯಾಕೆ ಅಂತ ಬಹಳ ಮಂದಿ ಕೇಳ್ತಾರ. ಮಿತಿ ಹಾಕಿರೋದ್ರಿಂದ ಪ್ಯಾನೆಲ್‌ನ ವಿ-ಸಿಂಕ್ ಸುಮ್ಮನೆ ಕಾವಲು ಕೂತಿರ್ತದ, ಯಾವುದೋ ಒಂದು ಚಿತ್ರ ಗಡಿ ದಾಟಿದ್ರ ಮಾತ್ರ ಹಿಡೀತದ. ಮೌಸ್ ಭಾರ ಅನ್ನಿಸಲ್ಲ. ವ್ಯಾಲೊರಂಟ್ ಥರ ಗೇಮ್‌ನಲ್ಲಿ ಇನ್ನೂರು ಮುನ್ನೂರು ಎಫ್‌ಪಿಎಸ್ ಬರೋರು ಕೆಲವರು ವಿಆರ್‌ಆರ್ ಆಫ್ ಮಾಡಿನೇ ಆಡ್ತಾರ, ಅದೂ ತಪ್ಪಲ್ಲ. ಅವರ ಲೆಕ್ಕ ಬೇರೆ.

ಎಲ್ಲಾ ಸರಿಯಾಗಿದೆಯಾ ಅಂತ ನೋಡೋಕೆ ಮಾನಿಟರ್ ಮೆನುವಿನಲ್ಲಿ ರಿಫ್ರೆಶ್ ರೇಟ್ ತೋರಿಸೋ ಆಯ್ಕೆ ಇದ್ರ ಆನ್ ಮಾಡಿ ಗೇಮ್ ಶುರು ಮಾಡ್ರಿ. ಆ ನಂಬರ್ ಎಫ್‌ಪಿಎಸ್ ಜೊತೆ ಕುಣೀಬೇಕು. 144ಕ್ಕೋ 180ಕ್ಕೋ ಅಂಟಿಕೊಂಡು ಅಲುಗಾಡದೆ ಕೂತಿದ್ರ ವಿಆರ್‌ಆರ್ ಆನ್ ಆಗಿಲ್ಲ ಅಂತಲೇ. ಮತ್ತೆ ಕೇಬಲ್‌ನಿಂದ ಶುರು ಮಾಡ್ರಿ.

ಇಂಡಿ ತಮ್ಮಗ ಇಷ್ಟೂ ಹೇಳಿದೆ. ಎರಡು ದಿನ ಸುಮ್ಮನಿದ್ದ. ಮೊನ್ನೆ ಮೆನುವಿನ ಫೋಟೋ ಹಾಕ್ಯಾನ, ಮೂಲ್ಯಾಗ 84 ಅಂತ ಐತಿ. ಗೇಮ್‌ನಾಗ ಎಫ್‌ಪಿಎಸ್ 42. ಕೆಳಗೆ ಒಂದೇ ಸಾಲು ಬರದಾನ: "ಅಣ್ಣಾ, ಒಂದು ಸಾವಿರ ಉಳದಾವ. ಅಪ್ಪಗ ವಾಪಸ್ ಕೊಟ್ಟೆ."