ಬೇರೆ ಮಡಕೆಯ ಅಗುಳು

ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕು. ಪರಮಾಣು ವಿದ್ಯುತ್ ಸ್ಥಾವರದ ಉಕ್ಕನ್ನು ಪರೀಕ್ಷಿಸುವವರ ಮಾರ್ಗವೂ ಇದೇ. ಆದರೆ ಅಗುಳು ಬೇರೊಂದು ಮಡಕೆಯದಾದರೆ? ಬೆಲ್ಜಿಯಂ ದೇಶದಲ್ಲಿ ಈ ಪ್ರಶ್ನೆ ಎರಡು ಸ್ಥಾವರಗಳನ್ನು ಒಂದೂವರೆ ವರ್ಷಕ್ಕೂ ಮೇಲ್ಪಟ್ಟು ನಿಲ್ಲಿಸಿತು.

ರಿಯಾಕ್ಟರಿನ ಇಂಧನವನ್ನು ಒಡಲಲ್ಲಿಟ್ಟುಕೊಂಡಿರುವುದು ಗೇಣಿಗೆ ಸಮೀಪದ ದಪ್ಪವುಳ್ಳ ಉಕ್ಕಿನ ಕೊಪ್ಪರಿಗೆ. ಹಳೆಯದಾಯಿತೆಂದು ಅದನ್ನು ಬದಲಿಸುವಂತಿಲ್ಲ. ಇಂಧನದಿಂದ ಸಿಡಿದು ಬರುವ ನ್ಯೂಟ್ರಾನುಗಳು ಉಕ್ಕಿನ ಪರಮಾಣುಗಳನ್ನು ಸ್ವಸ್ಥಾನದಿಂದ ಕದಲಿಸುತ್ತವೆ. ಅದರಲ್ಲಿ ಅಲ್ಪಸ್ವಲ್ಪವಿರುವ ತಾಮ್ರವು ಅಲ್ಲಲ್ಲಿ ಗುಂಪುಗೂಡುತ್ತದೆ. ವರ್ಷಗಳುರುಳಿದಂತೆ ಉಕ್ಕು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ವಿಪತ್ತಿನ ವೇಳೆ ಕಾದ ಕೊಪ್ಪರಿಗೆಗೆ ತಣ್ಣೀರು ನುಗ್ಗಿದರೆ, ಬಾಗಿ ತಾಳಿಕೊಳ್ಳಬೇಕಾದ ಉಕ್ಕು ಗಾಜಿನಂತೆ ಸೀಳೀತೆಂಬುದೇ ಭಯ.

2012ರಲ್ಲಿ ಡೂಲ್ 3 ಮತ್ತು ತಿಯಾಂಜ್ 2 ಎಂಬ ಸ್ಥಾವರಗಳ ಕೊಪ್ಪರಿಗೆಗಳಲ್ಲಿ ಸಾವಿರಾರು ಚಪ್ಪಟೆಯಾದ ಒಳಬಿರುಕುಗಳು ಕಂಡುಬಂದವು. ಅವು ತಯಾರಿಕೆಯ ಕಾಲದಲ್ಲೇ ಉಕ್ಕಿನೊಳಗೆ ಸಿಕ್ಕಿಬಿದ್ದ ಜಲಜನಕ ಮಾಡಿದ ಗಾಯಗಳು. ಇಂಥ ಉಕ್ಕು ನ್ಯೂಟ್ರಾನಿನ ಹೊಡೆತಕ್ಕೆ ಇನ್ನಷ್ಟು ಬೇಗ ಪೆಡಸಾಗುವುದೇ? ಕೊಪ್ಪರಿಗೆಯೊಳಗೆ ಮೊದಲಿನಿಂದ ಇರಿಸಿದ್ದ ಮಾದರಿ ತುಂಡುಗಳಲ್ಲಿ ಬಿರುಕಿರಲಿಲ್ಲ. ಕೊಪ್ಪರಿಗೆಯನ್ನೇ ಕೊಯ್ದು ನೋಡುವುದಂತೂ ಸಾಧ್ಯವಿಲ್ಲ. ಕೊನೆಗೆ ಇದೇ ದೋಷವಿದ್ದ, ಫ್ರಾನ್ಸಿನಲ್ಲಿ ತಿರಸ್ಕೃತವಾಗಿದ್ದ ಉಕ್ಕಿನ ಭಾಗವೊಂದನ್ನು ಆರಿಸಿಕೊಂಡರು.

ಅದರಿಂದ ಕೊಯ್ದ ಮಾದರಿಗಳು ಮೋಲ್ ಎಂಬ ಊರಿನ ಸಂಶೋಧನಾ ರಿಯಾಕ್ಟರಾದ ಬಿಆರ್ 2ನ್ನು ಹೊಕ್ಕವು. 1961ರಲ್ಲಿ ಮೊದಲು ಚಾಲನೆಗೊಂಡ ಇದರಲ್ಲಿ ನ್ಯೂಟ್ರಾನುಗಳ ದಟ್ಟಣೆ ಎಷ್ಟೆಂದರೆ, ಕೊಪ್ಪರಿಗೆ ಹತ್ತಾರು ವರ್ಷಗಳಲ್ಲಿ ಉಣ್ಣುವ ಪೆಟ್ಟನ್ನು ಮಾದರಿ ಕೆಲವೇ ವಾರಗಳಲ್ಲಿ ಉಂಡುಬಿಡುತ್ತದೆ. ಹೊರಬಂದ ತುಂಡು ವಿಕಿರಣ ಸೂಸುತ್ತದೆ. ದಪ್ಪ ಗೋಡೆಯ ಕೋಣೆಯೊಳಗೆ ಯಂತ್ರದ ಕೈಗಳೇ ಅದನ್ನು ಹಿಡಿಯಬೇಕು. ಪರೀಕ್ಷೆ ಮಾತ್ರ ಬಹು ಸರಳ. ಫ್ರೆಂಚ್ ಲೋಹವಿಜ್ಞಾನಿ ಜಾರ್ಜ್ ಶಾರ್ಪಿಯ ಹೆಸರಿನ ಈ ವಿಧಾನದಲ್ಲಿ, 10 ಮಿಲಿಮೀಟರ್ ಚದರದ, 55 ಮಿಲಿಮೀಟರ್ ಉದ್ದದ ಕಂಬಿಗೆ 2 ಮಿಲಿಮೀಟರ್ ಆಳದ ಕಚ್ಚು ಹಾಕಿ, ತೂಗುವ ಸುತ್ತಿಗೆಯಿಂದ ಹೊಡೆಯುತ್ತಾರೆ. ಮುರಿದ ಮೇಲೆ ಸುತ್ತಿಗೆ ಆಚೆಗೆ ಎಷ್ಟು ಎತ್ತರಕ್ಕೆ ಏರಿತೋ ಅದೇ ಉತ್ತರ: ಹೆಚ್ಚು ಏರಿದಷ್ಟೂ ಉಕ್ಕು ಪೆಡಸು.

2014ರ ಮಾರ್ಚಿಯಲ್ಲಿ ಬಂದ ಉತ್ತರ ಕಳವಳಕರವಾಗಿತ್ತು. ಸೂತ್ರಗಳು ಹೇಳಿದ್ದಕ್ಕಿಂತ ಬಹಳ ಹೆಚ್ಚಾಗಿ ಉಕ್ಕು ಪೆಡಸಾಗಿತ್ತು. ಸ್ಥಾವರಗಳೆರಡೂ ನಿಂತವು. ಬಳಿಕ ಬಿರುಕುಳ್ಳ ಜರ್ಮನಿಯ ಉಕ್ಕೊಂದನ್ನು ಅದೇ ರಿಯಾಕ್ಟರಿನಲ್ಲಿಟ್ಟು ನೋಡಲಾಗಿ, ಅದು ಸೂತ್ರದಂತೆಯೇ ನಡೆದುಕೊಂಡಿತು. ಹಾಗಾದರೆ ದೋಷ ಜಲಜನಕದ ಬಿರುಕಿನದಲ್ಲ, ಆ ಫ್ರೆಂಚ್ ತುಂಡಿನ ವೈಯಕ್ತಿಕ ಸ್ವಭಾವ ಎಂಬ ತೀರ್ಮಾನಕ್ಕೆ ಬಂದರು. ಅನುಕೂಲವಾದ ಸಾಕ್ಷಿಯನ್ನು ನಂಬಿ ಪ್ರತಿಕೂಲವಾದುದನ್ನು ಹೊರಗಟ್ಟುವುದು ನ್ಯಾಯಾಲಯದಲ್ಲೂ ಪ್ರಯೋಗಾಲಯದಲ್ಲೂ ದೊಡ್ಡ ಪ್ರಲೋಭನೆ. ಇಲ್ಲಿ ಹಾಗಾಗಲಿಲ್ಲವೆಂಬುದು ನನಗೆ ಮೆಚ್ಚಿಕೆಯಾದ ಸಂಗತಿ: ಫ್ರೆಂಚ್ ಉಕ್ಕು ತೋರಿದ ಹೆಚ್ಚುವರಿ ಪೆಡಸನ್ನೂ ಕೊಪ್ಪರಿಗೆಯ ಲೆಕ್ಕದಲ್ಲಿ ಸೇರಿಸಿಯೇ ಸುರಕ್ಷತೆಯನ್ನು ಅಳೆದರು. 2015ರ ನವೆಂಬರಿನಲ್ಲಿ ಅನುಮತಿ ದೊರೆಯಿತು.

ಅಣುವಿದ್ಯುತ್ತನ್ನು ಕೈಬಿಡುವ ಕಾನೂನಿನಂತೆ ಡೂಲ್ 3 2022ರ ಸೆಪ್ಟೆಂಬರಿನಲ್ಲಿ, ತಿಯಾಂಜ್ 2 2023ರ ಜನವರಿಯಲ್ಲಿ ಶಾಶ್ವತವಾಗಿ ನಿಂತವು. ಉಕ್ಕಿಗೆ ತಣ್ಣೀರಿನ ಆಘಾತ ತಾಗದಿರಲೆಂದು, ವಿಪತ್ತಿನಲ್ಲಿ ನುಗ್ಗಿಸುವ ನೀರನ್ನು ಅಲ್ಲಿ ಮೊದಲೇ ಬೆಚ್ಚಗೆ ಮಾಡಿಡುವ ಏರ್ಪಾಡಾಗಿತ್ತು.