ರೈಲು ಇಳಿದವರ ಓಕಳಿಪುರಂ

ಮೆಜೆಸ್ಟಿಕ್‌ನಿಂದ ರಾಜಾಜಿನಗರದ ಕಡೆ ಹೋಗುವವರಿಗೆ ಓಕಳಿಪುರಂ ಎಂದರೆ ಅಷ್ಟಪಥದ ರಸ್ತೆ, ರೈಲ್ವೆ ಕೆಳಸೇತುವೆ, ವರ್ಷಗಟ್ಟಲೆ ಎಳೆದ ಕಾಮಗಾರಿ. ಊರು ಕಾಣಬೇಕಾದರೆ ಗಾಡಿ ಬಿಟ್ಟು ಗಲ್ಲಿಗೆ ಇಳಿಯಬೇಕು. ಹಳಿಗಳ ಮಗ್ಗುಲಿಗೇ ಒತ್ತೊತ್ತು ಮನೆಗಳು, ಬಾಗಿಲಲ್ಲಿ ಕನ್ನಡ, ಒಳಗೆ ತಮಿಳು, ಕೂಗಳತೆಯಲ್ಲಿ ರೈಲು ನಿಲ್ದಾಣ.

ಈ ನಿಲ್ದಾಣವೇ ಮುಖ್ಯ. ನಡೆನುಡಿ ಹೆಣ್ಣಿನಂತಿದೆಯೆಂದು ಏಟು ತಿಂದು ಮನೆ ಬಿಟ್ಟ ಮಕ್ಕಳು ಬೆಂಗಳೂರಿನಲ್ಲಿ ಮೊದಲು ಕಾಲಿಡುವುದು ಈ ಸುತ್ತಿನಲ್ಲೇ. ಅಂಥವರಿಗೆ ನಗರದ ಹಳೆಯ ಬಡಾವಣೆಗಳಲ್ಲಿ ಆಸರೆಯಾದದ್ದು ಹಮಾಮ್, ಅಂದರೆ ಬಿಸಿನೀರಿನ ಸ್ನಾನದ ಮನೆ. ಬೆಳಗಿನ ಜಾವ ಸೌದೆ ಒಲೆ ಹೊತ್ತಿಸಿ ಹಂಡೆ ತುಂಬ ನೀರು ಕಾಯಿಸುತ್ತಿದ್ದರು. ಬಚ್ಚಲಿಲ್ಲದ ಮನೆಯವರು, ಕೂಲಿಯವರು ಕಾಸು ಕೊಟ್ಟು ಮಿಂದು ಹೋಗುತ್ತಿದ್ದರು. ನಡೆಸುತ್ತಿದ್ದವರು ಹಿಜ್ರಾಗಳು. ಗುರು, ಚೇಲಾ, ಅಡುಗೆ, ಜಗಳ, ಆರೈಕೆ ಎಲ್ಲವೂ ಅದೇ ಸೂರಿನಡಿ. ಲೈಂಗಿಕ ವೃತ್ತಿಯೂ ಅಲ್ಲಿತ್ತು, ಪೊಲೀಸರ ಲಾಠಿಯೂ ಬರುತ್ತಿತ್ತು. ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ 2003ರಲ್ಲೇ ಆ ದೌರ್ಜನ್ಯವನ್ನು ದಾಖಲಿಸಿದೆ. ಹಿಜ್ರಾ ಲೇಖಕಿ ಎ. ರೇವತಿ ತಮ್ಮ ಆತ್ಮಕಥೆಯಲ್ಲಿ ಬೆಂಗಳೂರಿನ ಹಮಾಮ್ ಬದುಕನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ, ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವುದೆಲ್ಲ ವಿದೇಶದ ಗಾಳಿ ಎನ್ನುವವರಿದ್ದಾರೆ. ನನಗೆ ಸಿಟ್ಟು ಬರುವುದು ಈ ಮಾತಿಗೆ. ವಿದೇಶದಿಂದ ಬಂದದ್ದು 1860ರ ದಂಡಸಂಹಿತೆ ಮತ್ತು ಸಲಿಂಗಕಾಮವನ್ನು ಅಪರಾಧವಾಗಿಸಿದ ಅದರ 377ನೇ ಕಲಂ, ಹಿಜ್ರಾಗಳ ಹೆಸರನ್ನು ಠಾಣೆಯಲ್ಲಿ ಬರೆಸಿದ 1871ರ ಕಾಯ್ದೆ. ಸೀರೆಯುಟ್ಟ ಜೋಗಪ್ಪಗಳು ಸವದತ್ತಿ ಎಲ್ಲಮ್ಮನ ಕೊಡ ಹೊತ್ತದ್ದು ಯಾವ ಸಾಹೇಬರನ್ನು ಕೇಳಿ? ಆ ಪರಂಪರೆಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಹೊರಗಿನ ಪ್ರಭಾವ ಇಲ್ಲವೆಂದಲ್ಲ. ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಆದರೆ ಬೆಂಗಳೂರು ಅದನ್ನು ತನ್ನದಾಗಿಸಿಕೊಂಡಿತು. 2008ರಲ್ಲಿ ಮೊದಲ ಮೆರವಣಿಗೆ ನ್ಯಾಷನಲ್ ಕಾಲೇಜಿನಿಂದ ಪುರಭವನಕ್ಕೆ ನಡೆಯಿತು. ಮುಂದೆ ಹಲವು ವರ್ಷ ಮೆಜೆಸ್ಟಿಕ್ ಬಳಿಯ ತುಳಸಿತೋಟದಿಂದ, ನವೆಂಬರ್ ತಿಂಗಳಲ್ಲಿ, ತಮಟೆಯ ಸದ್ದಿಗೆ ಕುಣಿಯುತ್ತ ಹೊರಟಿತು. ಈಗ ಪ್ರೈಡ್ ತಿಂಗಳೆನ್ನುವ ಜೂನ್ ಬಂದರೆ ಕಂಪನಿಗಳ ಲಾಂಛನಕ್ಕೆ ಕಾಮನಬಿಲ್ಲಿನ ಬಣ್ಣ ಬರುತ್ತದೆ, ಹವಾನಿಯಂತ್ರಿತ ಸಭಾಂಗಣದಲ್ಲಿ ಇಂಗ್ಲಿಷ್ ಭಾಷಣಗಳಾಗುತ್ತವೆ. ಆ ಬಾಗಿಲು ದಾಟಲು ಹಮಾಮಿನಲ್ಲಿ ಸೌದೆ ಒಟ್ಟಿದ ಕೈಗಳಿಗೆ ಧೈರ್ಯ ಸಾಲದು. ಕಾಮನಬಿಲ್ಲಿನ ಬಾವುಟಕ್ಕೆ ನನ್ನ ತಕರಾರಿಲ್ಲ. ಅದರ ನೆರಳು ಓಕಳಿಪುರಂವರೆಗೆ ಬೀಳಬೇಕು.

ಇತ್ತ ಮನೆಮನೆಗೆ ಗೀಸರ್ ಬಂದಿದೆ, ಬಾಡಿಗೆ ಏರಿದೆ. ಸೌದೆ ಒಲೆಯ ಹಮಾಮ್ ಉಳಿಯುವುದು ಕಷ್ಟ. ಕಟ್ಟಡ ಹೋದರೂ ನೆನಪು ಹೋಗಬಾರದು. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ‘ಕಾಮ್ರಾ’ ಎಂಬ ಸಂಗ್ರಹಾಲಯ ಈ ಸಮುದಾಯಗಳ ದಾಖಲೆಗಳನ್ನು ಕಾಪಾಡುತ್ತಿದೆ. ನಿಮ್ಮ ಬೀದಿಯಲ್ಲಿ ಹಮಾಮ್ ಇದ್ದದ್ದು ನೆನಪಿದ್ದರೆ, ಅಲ್ಲಿ ಬದುಕಿದ ಹಿರಿಯರು ಇನ್ನೂ ಇದ್ದರೆ, ಅವರ ಒಪ್ಪಿಗೆ ಪಡೆದು ಅವರ ಮಾತನ್ನು ಕನ್ನಡದಲ್ಲೋ ತಮಿಳಿನಲ್ಲೋ ಅವರದೇ ದನಿಯಲ್ಲಿ ಧ್ವನಿಮುದ್ರಿಸಿ ಅಲ್ಲಿಗೆ ತಲುಪಿಸಿ.