ಎಸ್‌ಯುವಿ ಕೊಳ್ಳುವ ಮುನ್ನ ಡಿಕ್ಕಿ ಅಳೆಯಿರಿ

ವೀಣೆಯನ್ನು ಮಡಚಲು ಬರುವುದಿಲ್ಲ. ನನ್ನ ವೀಣೆಯ ಪೆಟ್ಟಿಗೆ ನಾಲ್ಕೂವರೆ ಅಡಿ ಉದ್ದ, ಅಂದರೆ 137 ಸೆಂಟಿಮೀಟರ್. ಮೈಸೂರಿನಲ್ಲಿ ಪಾಠ ಹೇಳಿಕೊಂಡು, ಊರೂರಿಗೆ ಕಛೇರಿಗೆ ಹೋಗಿಬರುವ ನನಗೆ ಕಾರಿನಲ್ಲಿ ಮೊದಲು ಬೇಕಾದದ್ದು ಈ ಪೆಟ್ಟಿಗೆಗೆ ಜಾಗ. ಆಮೇಲೆ ಮೃದಂಗ, ಘಟ, ಅವುಗಳನ್ನು ನುಡಿಸುವ ವಿದ್ವಾಂಸರು, ಎಲ್ಲರ ಬಟ್ಟೆಬರೆ. ಹಾಗಾಗಿ ಎಸ್‌ಯುವಿ ನೋಡಲು ಹೊರಟಾಗ ಮೈಲೇಜು, ಸನ್‌ರೂಫುಗಳಿಗಿಂತ ಮೊದಲು ನಾನು ವಿಚಾರಿಸಿದ್ದು ಡಿಕ್ಕಿಯನ್ನು. ವಿಚಾರಿಸುತ್ತ ಹೋದ ಹಾಗೆ ಒಂದು ಮಾತು ಖಚಿತವಾಯಿತು: ಗಾಡಿ ಯಾವ ವರ್ಗದ್ದು ಎಂಬುದು ಅದರಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ ಎಂಬುದನ್ನು ಹೇಳುವುದಿಲ್ಲ.

ಗಾತ್ರದ ಹಿಂದೆ ತೆರಿಗೆ

ನಮ್ಮ ದೇಶದಲ್ಲಿ ‘ಕಾಂಪ್ಯಾಕ್ಟ್ ಎಸ್‌ಯುವಿ’ ಹುಟ್ಟಿದ್ದು ತೆರಿಗೆಯ ಲೆಕ್ಕಾಚಾರದಿಂದ. 2006ರ ಕೇಂದ್ರ ಬಜೆಟ್ಟು ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿತು. ಉದ್ದ 4 ಮೀಟರ್ ದಾಟಬಾರದು, ಎಂಜಿನ್ನು ಪೆಟ್ರೋಲಿನದಾದರೆ 1200 ಸಿಸಿ, ಡೀಸೆಲಿನದಾದರೆ 1500 ಸಿಸಿ ಮೀರಬಾರದು ಎಂಬುದು ಷರತ್ತು. ಕಂಪನಿಗಳು ಎಸ್‌ಯುವಿಯನ್ನೂ ಈ ಗೆರೆಯೊಳಗೆ ಕೂರಿಸತೊಡಗಿದವು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್ ಬಂತು, 2016ರಲ್ಲಿ ಮಾರುತಿ ವಿಟಾರಾ ಬ್ರೆಝಾ. ಬ್ರೆಝಾ, ನೆಕ್ಸಾನ್, ಸೋನೆಟ್ ಮೂರರ ಉದ್ದವೂ 3995 ಮಿಲಿಮೀಟರ್ ಆಗಿರುವುದಕ್ಕೆ ಈ ಗೆರೆಯೇ ಕಾರಣ.

ಗೆರೆ ಇವತ್ತಿಗೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಹೊಸ ಜಿಎಸ್‌ಟಿಯಲ್ಲಿ ಅದರೊಳಗಿನ ಕಾರಿಗೆ ಶೇ 18, ಹೊರಗಿನದಕ್ಕೆ ಶೇ 40 ತೆರಿಗೆ. ಉದ್ದದ ಜೊತೆಗೆ ಎಂಜಿನ್ನಿನ ಷರತ್ತನ್ನೂ ಪಾಲಿಸಬೇಕು. 1462 ಸಿಸಿ ಪೆಟ್ರೋಲ್ ಎಂಜಿನ್ನಿನ ಬ್ರೆಝಾ 4 ಮೀಟರಿನೊಳಗೇ ಇದ್ದರೂ ಶೇ 40ಕ್ಕೆ ಸೇರುತ್ತದೆ.

ಮಾರುಕಟ್ಟೆಯ ಮಾತಿನಲ್ಲಿ ಟಾಟಾ ಪಂಚ್, ಹ್ಯುಂಡೈ ಎಕ್ಸ್‌ಟರ್‌ನಂಥವು ‘ಮೈಕ್ರೋ’. ಬ್ರೆಝಾ, ನೆಕ್ಸಾನ್ ‘ಕಾಂಪ್ಯಾಕ್ಟ್’. 4.3 ಮೀಟರಿನ ಆಸುಪಾಸಿನ ಕ್ರೆಟಾ, ಗ್ರ್ಯಾಂಡ್ ವಿಟಾರಾ ‘ಮಿಡ್‌ಸೈಜ್’. 4.8 ಮೀಟರಿಗೆ ಹತ್ತಿರದ ಫಾರ್ಚೂನರ್ ‘ಫುಲ್‌ಸೈಜ್’. ಈ ಹೆಸರುಗಳಿಗೆ ಲೋಕಕ್ಕೆಲ್ಲ ಒಂದೇ ಅಳತೆ ಇಲ್ಲ. ಅಮೆರಿಕದಲ್ಲಿ ‘ಕಾಂಪ್ಯಾಕ್ಟ್’ ಎಂದು ಮಾರುವ ಹೋಂಡಾ ಸಿಆರ್‌-ವಿ ಸುಮಾರು 4.7 ಮೀಟರ್ ಉದ್ದ. ನಮ್ಮಲ್ಲಿ ದೊಡ್ಡ ಗಾಡಿ ಎನಿಸಿಕೊಂಡ ಮಹೀಂದ್ರ ಎಕ್ಸ್‌ಯುವಿ700 ಕೂಡ ಹೆಚ್ಚುಕಡಿಮೆ ಅಷ್ಟೇ.

ಲೀಟರಿನ ಲೆಕ್ಕ

ಡಿಕ್ಕಿಯ ಜಾಗವನ್ನು ಲೀಟರಿನಲ್ಲಿ ಹೇಳುತ್ತಾರೆ. ಕಂಪನಿಗಳು ಕೊಡುವ ಅಂಕಿ ನೋಡಿ: 3815 ಮಿ.ಮೀ. ಉದ್ದದ ಎಕ್ಸ್‌ಟರ್‌ಗೆ 391 ಲೀಟರ್. ಅದಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ಉದ್ದವಿರುವ ಗ್ರ್ಯಾಂಡ್ ವಿಟಾರಾಕ್ಕೆ 373. ಅದರದೇ ಸ್ಟ್ರಾಂಗ್ ಹೈಬ್ರಿಡ್ ಮಾದರಿಯಲ್ಲಿ ಹಿಂಬದಿಗೆ ಬ್ಯಾಟರಿ ಕೂತು ಉಳಿಯುವುದು 265. ಬ್ರೆಝಾದ್ದು 328 ಲೀಟರ್. ಅದಕ್ಕಿಂತ ಬರೀ 10 ಮಿ.ಮೀ. ಗಿಡ್ಡವಾದ ಜಿಮ್ನಿಯದ್ದು, ಸೀಟು ಮಡಚದಿದ್ದಾಗ, 208.

ಹೊರಗಿನ ಉದ್ದವನ್ನು ಬಾನೆಟ್, ಮುಂದಿನವರ ಸೀಟು, ಹಿಂದಿನವರ ಮೊಣಕಾಲು, ಸ್ಟೆಪ್ನಿ ಎಲ್ಲವೂ ಹಂಚಿಕೊಳ್ಳುತ್ತವೆ. ಡಿಕ್ಕಿಗೆ ಸಿಗುವುದು ಉಳಿದ ಪಾಲು. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಹೆಚ್ಚು ಜಾಗ ಕೊಟ್ಟರೆ ಡಿಕ್ಕಿ ಕಿರಿದಾಗುತ್ತದೆ. ಸಿಎನ್‌ಜಿ ಬೇಕೆನ್ನುವವರು ಇನ್ನಷ್ಟು ಗಮನಿಸಬೇಕು. ಒಂದೇ ದೊಡ್ಡ ಸಿಲಿಂಡರ್ ಇಟ್ಟರೆ ಡಿಕ್ಕಿ ಬಹುಪಾಲು ಮುಗಿದಂತೆ. ಟಾಟಾದವರು ಎರಡು ಚಿಕ್ಕ ಸಿಲಿಂಡರುಗಳನ್ನು ತಳದಲ್ಲಿ ಜೋಡಿಸುತ್ತಾರೆ. ಆದರೂ 366 ಲೀಟರಿನ ಪಂಚ್ 210ಕ್ಕೆ ಇಳಿಯುತ್ತದೆ.

ಲೀಟರ್ ಅಳೆಯುವ ಬಗೆಯನ್ನೂ ತಿಳಿದಿರಬೇಕು. ವಿಡಿಎ ಎಂಬ ಜರ್ಮನ್ ಪದ್ಧತಿಯಲ್ಲಿ 200, 100, 50 ಮಿ.ಮೀ. ಅಳತೆಯ, ಇಟ್ಟಿಗೆಯಂಥ ತುಂಡುಗಳನ್ನು ಡಿಕ್ಕಿಯಲ್ಲಿ ಜೋಡಿಸುತ್ತಾರೆ. ಒಂದು ತುಂಡಿಗೆ ಒಂದು ಲೀಟರ್. ಇಷ್ಟು ಚಿಕ್ಕ ತುಂಡು ಚಕ್ರದ ಉಬ್ಬಿನ ಪಕ್ಕದ ಸಂದಿಗೂ ಹೋಗುತ್ತದೆ, ನಮ್ಮ ಸೂಟ್‌ಕೇಸು ಹೋಗುವುದಿಲ್ಲ. 75 ಸೆಂ.ಮೀ. ಎತ್ತರ, 50 ಅಗಲ, 30 ದಪ್ಪದ ದೊಡ್ಡ ಸೂಟ್‌ಕೇಸು ಸುಮಾರು 112 ಲೀಟರ್ ಆಗುತ್ತದೆ. ಅಂಥ ಮೂರನ್ನು ಕೂಡಿದರೆ 336. 328 ಲೀಟರಿನ ಡಿಕ್ಕಿಯಲ್ಲಿ ಲೆಕ್ಕಕ್ಕೇ ಮೂರು ಹಿಡಿಸುವುದಿಲ್ಲ. ಅಳತೆಯನ್ನು ಹಿಂಬದಿಯ ಟ್ರೇವರೆಗೆ ತೆಗೆದರೆ ಒಂದು ಅಂಕಿ, ಚಾವಣಿಯವರೆಗೆ ತೆಗೆದರೆ ಇನ್ನೊಂದು. ಎರಡು ಗಾಡಿಗಳನ್ನು ಹೋಲಿಸುವಾಗ ಯಾವುದು ಎಲ್ಲಿಯವರೆಗಿನ ಅಳತೆ ಎಂದು ಕೇಳಲೇಬೇಕು.

ಪೆಟ್ಟಿಗೆ ಹಿಡಿದು ಶೋರೂಮಿಗೆ

ನಾನು ಪೆಟ್ಟಿಗೆಯನ್ನೇ ಶೋರೂಮಿಗೆ ಒಯ್ದೆ. ‘ಮೇಡಂ, ನಾನೂರು ಲೀಟರ್ ಇದೆ, ಯೋಚನೆನೇ ಬೇಡ’ ಎಂದ ಹುಡುಗ ಪೆಟ್ಟಿಗೆ ಕಂಡ ಮೇಲೆ ತಾನೇ ಟೇಪು ತಂದ. ಚಕ್ರದ ಉಬ್ಬುಗಳ ನಡುವೆ ಡಿಕ್ಕಿಯ ಅಗಲ ಒಂದು ಮೀಟರ್. ಸೀಟಿನ ಬೆನ್ನಿನಿಂದ ಬಾಗಿಲಿನವರೆಗೆ 72 ಸೆಂ.ಮೀ. ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದರೂ 123 ದಾಟದು. 137ರ ಪೆಟ್ಟಿಗೆ ಹೇಗೂ ಕೂರುವುದಿಲ್ಲ.

ಆಮೇಲೆ, 60:40ರ ಎರಡು ತುಂಡಾಗಿ ಮಡಚಿಕೊಳ್ಳುವ ಹಿಂದಿನ ಸೀಟಿನ ನಲವತ್ತರ ಭಾಗವನ್ನು ಮಡಚಿದೆವು. ಪೆಟ್ಟಿಗೆ ಉದ್ದಕ್ಕೆ ಸರಾಗವಾಗಿ ಮಲಗಿತು, ಪಕ್ಕದ ಅರವತ್ತರ ಭಾಗದಲ್ಲಿ ಇಬ್ಬರು ಕೂರಲು ಜಾಗ ಉಳಿಯಿತು. ಮುಂದೆ ಇಬ್ಬರು, ಹಿಂದೆ ಇಬ್ಬರು, ಜೊತೆಗೆ ವೀಣೆ. ಮೃದಂಗ, ಘಟ ಡಿಕ್ಕಿಯ ಉಳಿದ ಅರ್ಧಕ್ಕೆ. ಒಂದು ಕಛೇರಿಯ ಬಳಗ ಅಲ್ಲಿಗೆ ಪೂರ್ತಿಯಾಯಿತು. ಆದರೆ ಕಡಿಮೆ ಬೆಲೆಯ ಎಷ್ಟೋ ವೇರಿಯಂಟುಗಳಲ್ಲಿ ಹಿಂದಿನ ಸೀಟು ಒಂದೇ ತುಂಡಾಗಿ ಮಡಚಿಕೊಳ್ಳುತ್ತದೆ. ಅಂಥದ್ದರಲ್ಲಿ ವೀಣೆ ಮಲಗಿಸಿದರೆ ಹಿಂದೆ ಕೂರಬೇಕಾದ ಇಬ್ಬರೂ ಬಸ್ಸು ಹಿಡಿಯಬೇಕು. ನನ್ನ ಮಟ್ಟಿಗೆ ಐವತ್ತು ಲೀಟರ್ ಹೆಚ್ಚು ಸಿಗುವುದಕ್ಕಿಂತ 60:40 ಸೀಟು ದೊಡ್ಡದು.

ಸೆಡಾನ್ ಬೇಡವೆಂದದ್ದಕ್ಕೂ ಕಾರಣವಿದೆ. ವೀಣೆಯ 24 ಮೆಟ್ಟಿಲುಗಳನ್ನು ಕೂರಿಸುವುದು ಮೇಣದ ಮೇಲೆ. ಮುಚ್ಚಿದ ಡಿಕ್ಕಿಯ ಬಿಸಿಗೆ ಮೇಣ ಮೆತ್ತಗಾದರೆ ಮೆಟ್ಟಿಲು ಜರುಗಿ ಶ್ರುತಿ ಕೆಡುತ್ತದೆ. ಎಸ್‌ಯುವಿಯ ಡಿಕ್ಕಿ ಒಳಾಂಗಣಕ್ಕೆ ಸೇರಿಕೊಂಡೇ ಇರುವುದರಿಂದ ಟ್ರೇ ತೆಗೆದಿಟ್ಟರೆ ಎಸಿಯ ತಂಪು ವೀಣೆಗೂ ತಗಲುತ್ತದೆ.

ಏಳು ಸೀಟಿನ ಗಾಡಿ

ಮನೆಯಲ್ಲಿ ಏಳು ಜನ ಇದ್ದೇವೆಂದು ಮೂರು ಸಾಲಿನ ಗಾಡಿ ಕೊಳ್ಳುವವರು ಏಳೂ ಜನ ಕೂತ ಮೇಲೆ ಉಳಿಯುವ ಜಾಗವನ್ನು ನೋಡಬೇಕು. ಹ್ಯುಂಡೈ ಅಲ್ಕಜಾರ್‌ನಲ್ಲಿ ಮೂರನೆಯ ಸಾಲಿನ ಹಿಂದೆ ಉಳಿಯುವುದು 180 ಲೀಟರ್, ಎಕ್ಸ್‌ಟರ್‌ನ ಡಿಕ್ಕಿಯ ಅರ್ಧಕ್ಕೂ ಕಡಿಮೆ. ಎಂಪಿವಿ ಎನಿಸಿಕೊಳ್ಳುವ ಇನೋವಾ ಹೈಕ್ರಾಸ್‌ನಲ್ಲಿ 300. ಮೂರನೆಯ ಸಾಲು ಮಡಚಿದರೆ 991. ಏಳು ಜನ ಮತ್ತು ಏಳು ಜನರ ಸಾಮಾನು ಎರಡನ್ನೂ ಒಟ್ಟಿಗೆ ಹೊರುವ ಗಾಡಿ ಬಹಳ ಕಡಿಮೆ.

ಜಾಗವಿದೆ ಎಂದು ತೂಕ ಹೇರುವಂತೆಯೂ ಇಲ್ಲ. ಗಾಡಿಯ ಒಟ್ಟು ತೂಕದ ಮಿತಿಯಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ಜನ, ಸಾಮಾನು ಎರಡಕ್ಕೂ ಸೇರಿದ ಪಾಲು. ಮೇಲಿನ ಕ್ಯಾರಿಯರಿಗೂ ಕೈಪಿಡಿಯಲ್ಲಿ ಬೇರೆ ಮಿತಿ ಇರುತ್ತದೆ. ಸಾಮಾನು ಸೀಟಿನ ಬೆನ್ನಿನ ಎತ್ತರ ಮೀರದಿರಲಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸಡಿಲವಾದ ಪೆಟ್ಟಿಗೆ ನೇರ ಮುಂದಿನವರ ತಲೆಗೆ ಬರುತ್ತದೆ. ನಾನು ವೀಣೆಯನ್ನು ಡಿಕ್ಕಿಯ ಕೊಕ್ಕೆಗಳಿಗೆ ಪಟ್ಟಿ ಬಿಗಿದು ಕಟ್ಟದೆ ಗಾಡಿ ಹೊರಡಿಸುವುದಿಲ್ಲ.

ನಿಮ್ಮದು ವೀಣೆಯಾಗಿರಲಿಕ್ಕಿಲ್ಲ. ಅಜ್ಜಿಯ ಗಾಲಿಕುರ್ಚಿ ಇರಬಹುದು, ಮಗುವಿನ ತಳ್ಳುಗಾಡಿ ಇರಬಹುದು, ಸಂತೆಗೆ ಒಯ್ಯುವ ಬುಟ್ಟಿ ಇರಬಹುದು. ಮನೆಯಲ್ಲಿ ಅತಿ ಹೆಚ್ಚು ಸಲ ಕಾರಿಗೆ ಏರುವ, ಅತಿ ದೊಡ್ಡ ವಸ್ತು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ. ಅದನ್ನು ಶೋರೂಮಿಗೆ ಒಯ್ಯಿರಿ. ನೀವು ಕೊಳ್ಳಲಿರುವ ವೇರಿಯಂಟಿನಲ್ಲೇ ಇಟ್ಟು, ಸೀಟು ಮಡಚಿ, ಮನೆಯವರನ್ನು ಕೂರಿಸಿ, ಡಿಕ್ಕಿಯ ಬಾಗಿಲು ಹಾಕಿ ನೋಡಿ. ಬಾಗಿಲು ಹಾಕಿಕೊಂಡರೆ ಮಾತ್ರ ಮುಂಗಡ ಕೊಡಿ.